ಮಗನ ಕಸುಬು ಒಪ್ಪದ ಅಪ್ಪ, ಮಗ ಬಿಡದೆ ಉಳಿಸಿಕೊಂಡ ಮೌಲ್ಯ

ದೊಡ್ಡ ನಟರ ಜೀವನಕಥೆಗಳಲ್ಲಿ ಅಪ್ಪನಿಗೆ ಸಿಗುವ ಪಾತ್ರ ಹೆಚ್ಚುಕಡಿಮೆ ಒಂದೇ. ಮಗ ಬಣ್ಣ ಹಚ್ಚಲು ಹೊರಡುತ್ತಾನೆ, ಅಪ್ಪ ಅಡ್ಡ ನಿಲ್ಲುತ್ತಾನೆ. ಮಗ ಗೆದ್ದು ಹೆಸರು ಮಾಡುತ್ತಾನೆ, ಅಪ್ಪ ಹಳೇ ಕಾಲದ ಮನುಷ್ಯನೆನಿಸಿಕೊಂಡು ಕಥೆಯಿಂದ ಮರೆಯಾಗುತ್ತಾನೆ. ದಿಲೀಪ್ ಕುಮಾರ್ ಅವರ ತಂದೆ ಲಾಲಾ ಗುಲಾಂ ಸರ್ವರ್ ಖಾನ್ ಅವರನ್ನೂ ನಾವು ಬಹುಮಟ್ಟಿಗೆ ಹೀಗೇ ನೆನಪಿಟ್ಟುಕೊಂಡಿದ್ದೇವೆ. ಸಿನಿಮಾವನ್ನು ‘ನೌಟಂಕಿ’ ಎಂದು ಹೀಗಳೆದ ಕಟ್ಟುನಿಟ್ಟಿನ ಪಠಾಣ, ಅಷ್ಟೇ. ಆದರೆ ಅವರ ಬದುಕನ್ನು ಸಾವಧಾನವಾಗಿ ನೋಡಿದರೆ ಬೇರೊಂದು ವಿಷಯ ತಿಳಿಯುತ್ತದೆ. ಅವರು ಮಗನಿಗೆ ಬೇಡವೆಂದದ್ದು ಒಂದು ಕಸುಬನ್ನು. ಕೊಟ್ಟದ್ದು ಯಾವ ಕಸುಬಿಗೂ ಹೊಂದುವ ಒಂದು ನಡತೆಯನ್ನು. ಮಗ ಆ ಅಪ್ಪಣೆಯನ್ನು ಮೀರಿದರು, ಆ ನಡತೆಯನ್ನು ಕೊನೆಯವರೆಗೂ ಬಿಡಲಿಲ್ಲ.

ಈ ತಂದೆಯನ್ನು ಅರ್ಥಮಾಡಿಕೊಳ್ಳಲು ಕೋಲಾರ ಜಿಲ್ಲೆಯ ಮಾವಿನ ಊರು ಶ್ರೀನಿವಾಸಪುರದವರು ಹೆಚ್ಚು ಕಷ್ಟಪಡಬೇಕಿಲ್ಲ. ಏಕೆಂದರೆ ಆ ತಂದೆ ಹಣ್ಣಿನ ವ್ಯಾಪಾರಿ.

ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನ ಹತ್ತಿರ, ಮೊಹಲ್ಲಾ ಖುದಾದಾದ್ ಎಂಬ ಕೇರಿಯಲ್ಲಿ ಅವರ ಮನೆ. ಹೆಂಡತಿ ಆಯೇಷಾ ಬೇಗಂ, ಹನ್ನೆರಡು ಮಕ್ಕಳು. ನಾಲ್ಕನೆಯವನಾಗಿ 1922ರ ಡಿಸೆಂಬರ್ 11ರಂದು ಹುಟ್ಟಿದ ಹುಡುಗನಿಗೆ, ಅಂದರೆ ಮುಂದೆ ದಿಲೀಪ್ ಕುಮಾರ್ ಆದವನಿಗೆ, ಮೊಹಮ್ಮದ್ ಯೂಸುಫ್ ಖಾನ್ ಎಂದು ಹೆಸರಿಟ್ಟರು. ಮಕ್ಕಳು ತಂದೆಯನ್ನು ‘ಆಗಾಜಿ’ ಎಂದು ಕರೆಯುತ್ತಿದ್ದರು. ಗಡಿನಾಡಿನ ತೋಟಗಳ ಹಣ್ಣು ದೂರದ ಮುಂಬೈಗೆ ಹೋಗುತ್ತಿತ್ತು. 1928ರಲ್ಲಿ ಮುಂಬೈ ಮತ್ತು ಪೇಶಾವರದ ನಡುವೆ ಫ್ರಂಟಿಯರ್ ಮೇಲ್ ರೈಲು ಓಡಲು ಶುರುವಾದ ಮೇಲೆ ಎರಡೂ ಊರುಗಳು ವ್ಯಾಪಾರಿಗಳಿಗೆ ಇನ್ನಷ್ಟು ಹತ್ತಿರವಾದವು. ಆಗಾಜಿ 1930ರ ದಶಕದಲ್ಲಿ ಸಂಸಾರವನ್ನೇ ಮುಂಬೈಗೆ ಕರೆತಂದರು. ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಸಗಟು ಅಂಗಡಿ ನಡೆಸಿದರು. ನಾಸಿಕ್ ಬಳಿಯ ದೇವಲಾಲಿಯಲ್ಲೂ ಅವರ ಹಣ್ಣಿನ ತೋಟಗಳಿದ್ದವು. ದೇವಲಾಲಿ ಆಗ ಬ್ರಿಟಿಷರ ದಂಡಿನ ಊರು. ಯೂಸುಫ್ ಅಲ್ಲಿನ ಬಾರ್ನ್ಸ್ ಶಾಲೆಗೆ ಸೇರಿ ಇಂಗ್ಲಿಷ್ ಕಲಿತ.

ಪಠಾಣ ಎಂದ ಕೂಡಲೇ ನಮ್ಮ ಕಣ್ಮುಂದೆ ಬರುವುದು ಸಿನಿಮಾದವರು ತೋರಿಸಿದ ಚಿತ್ರ: ಎತ್ತರದ ಆಳು, ದೊಡ್ಡ ಪೇಟ, ಬಡ್ಡಿ ವಸೂಲಿಯ ಗಡಸು ದನಿ. ನಿಜವಾದ ಪಠಾಣರ ಸಮಾಜ ಇಷ್ಟು ಸರಳವಲ್ಲ. ಪೇಶಾವರದ ಸುತ್ತಲ ಹಳ್ಳಿಗಳಲ್ಲಿ ಪಶ್ತೋ ಮಾತಾಡಿದರೆ ಹಳೇ ಪೇಟೆಯೊಳಗೆ ಹಿಂದ್ಕೊ ಎಂಬ ಭಾಷೆ ನಡೆಯುತ್ತಿತ್ತು. ಆಗಾಜಿಯ ಮನೆಮಾತೂ ಹಿಂದ್ಕೊ. ಮನೆಯಲ್ಲಿ ಒಂದು ನುಡಿ, ಬಜಾರಿನಲ್ಲಿ ಇನ್ನೊಂದು, ಕಾವ್ಯಕ್ಕೆ ಉರ್ದು, ಫಾರಸಿ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಮಂಡಿಯಲ್ಲಿ ದಖ್ಖನಿ ಉರ್ದು ಕೇಳುತ್ತಾ ಬೆಳೆದ ಕೋಲಾರ ಸೀಮೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಪಠಾಣರು ಕನ್ನಡ ನಾಡಿಗೂ ಹೊಸಬರಲ್ಲ. ಹಾವೇರಿ ಜಿಲ್ಲೆಯ ಸವಣೂರನ್ನು ಆಳಿದ ನವಾಬರು ಪಠಾಣ ಮನೆತನದವರೇ.

ಭಾಷೆ ಯಾವುದೇ ಇದ್ದರೂ ಆ ಸೀಮೆಯವರನ್ನೆಲ್ಲ ಹಿಡಿದಿಟ್ಟ ಒಂದು ಬಾಳುವ ರೀತಿ ಇತ್ತು. ಅದನ್ನು ಪಶ್ತೂನ್‌ವಲಿ ಎನ್ನುತ್ತಾರೆ. ಬರೆದಿಟ್ಟ ಕಾನೂನಲ್ಲ, ತಲೆಮಾರಿನಿಂದ ತಲೆಮಾರಿಗೆ ಬಂದ ಕಟ್ಟಳೆ. ಮನೆಗೆ ಬಂದವರನ್ನು ಉಪಚರಿಸಬೇಕು. ಆಶ್ರಯ ಕೇಳಿದವನು ಶತ್ರುವಾದರೂ ಕಾಯಬೇಕು. ಕೊಟ್ಟ ಮಾತು ತಪ್ಪಬಾರದು. ಮನೆತನದ ಮಾನಕ್ಕೆ ಕುಂದು ತರಬಾರದು. ಇದೇ ಕಟ್ಟಳೆಯಲ್ಲಿ ಸೇಡು ತೀರಿಸಿಕೊಳ್ಳುವ ಹಟಕ್ಕೂ ಜಾಗವಿತ್ತು. ಆ ಸೇಡಿನ ಗುಣವನ್ನು ಬಿಟ್ಟು ಉಳಿದದ್ದನ್ನು ಅಹಿಂಸೆಯ ಕಡೆಗೆ ತಿರುಗಿಸಿದವರು ಖಾನ್ ಅಬ್ದುಲ್ ಗಫಾರ್ ಖಾನ್. 1929ರಲ್ಲಿ ಅವರು ಕಟ್ಟಿದ ಖುದಾಯಿ ಖಿದ್ಮತ್‌ಗಾರ್ ಪಡೆಯ ಚಳವಳಿಯ ಮೇಲೆ 1930ರ ಏಪ್ರಿಲ್ 23ರಂದು ಬ್ರಿಟಿಷ್ ಸೇನೆ ಗುಂಡು ಹಾರಿಸಿದ್ದು ಇದೇ ಕಿಸ್ಸಾ ಖ್ವಾನಿ ಬಜಾರಿನಲ್ಲಿ. ಯೂಸುಫ್‌ಗೆ ಆಗ ಏಳು ವರ್ಷ.

ಆದರೆ ಅದೇ ಬಜಾರಿಗೆ ಇನ್ನೊಂದು ಮುಖವೂ ಇತ್ತು. ಹೆಸರೇ ಹೇಳುವಂತೆ ಅದು ಕಥೆ ಹೇಳುವವರ ಬೀದಿ. ಸಂಜೆಯ ನಮಾಜು ಮುಗಿಸಿದ ಜನ ಚೌಕದಲ್ಲಿ ಕಥೆಗಾರರ ಸುತ್ತ ಕೂಡುತ್ತಿದ್ದುದನ್ನು ದಿಲೀಪ್ ಕುಮಾರ್ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಮಸೀದಿಯೂ ಕಥೆಯೂ ಕೂಗಳತೆಯಲ್ಲಿದ್ದ ಊರು ಅದು. ಹಾಗಾಗಿ ಧರ್ಮಿಷ್ಠನಾದ ಅಪ್ಪ ಕಲೆಯನ್ನೇ ದ್ವೇಷಿಸುತ್ತಿದ್ದನೆಂದು ತೀರ್ಮಾನ ಮಾಡುವುದು ತಪ್ಪಾಗುತ್ತದೆ. ಅವರ ತಕರಾರಿನ ಬೇರು ಬೇರೆ ಕಡೆ ಇದೆ. ಅದು ಕಾಣಬೇಕಾದರೆ ಅವರ ಅಂಗಡಿಯನ್ನು ನೋಡಬೇಕು.

ಮೇ ತಿಂಗಳಿಂದ ಜುಲೈವರೆಗೆ ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ನಿಂತವರಿಗೆ ಹಣ್ಣಿನ ವ್ಯಾಪಾರದ ಗುಟ್ಟು ಗೊತ್ತು. ಟ್ರ್ಯಾಕ್ಟರುಗಳಿಂದ ತೋತಾಪುರಿ ರಾಶಿ ಇಳಿಯುತ್ತದೆ. ಒಂದು ಕಡೆ ಬಾದಾಮಿ, ಇನ್ನೊಂದು ಕಡೆ ರಸಪುರಿ, ಬೇನಿಶಾ. ದಪ್ಪ ಕಾಯಿ, ಸಣ್ಣ ಕಾಯಿ, ಮಚ್ಚೆ ಬಿದ್ದದ್ದು, ಪೆಟ್ಟು ತಿಂದದ್ದು ಎಂದು ಆರಿಸುವ ಕೈಗಳು ಒಂದೇ ಸಮನೆ ಓಡುತ್ತಿರುತ್ತವೆ. ಸಂಜೆಯೊಳಗೆ ಲಾರಿ ತುಂಬಿ ಹೊರಡಬೇಕು. ಬಟ್ಟೆ, ಕಬ್ಬಿಣದ ವ್ಯಾಪಾರಿ ಇವತ್ತಿನ ಬೆಲೆ ಹಿಡಿಸದಿದ್ದರೆ ನಾಳೆಗೆ ಕಾಯಬಹುದು. ಹಣ್ಣಿಗೆ ನಾಳೆಯಿಲ್ಲ. ಹೂವೋ ಪಿಂದೆಯೋ ಇರುವಾಗಲೇ ತೋಟ ಮಾತಾಡಿ ಮುಂಗಡ ಕೊಡುವ ವ್ಯಾಪಾರಿ ಇನ್ನೂ ಹುಟ್ಟದ ಕಾಯಿಯ ಮೇಲೆ ಹಣ ಹೂಡುತ್ತಾನೆ. ಕಾಯಿ ಮಂಡಿಗೆ ಹಾಕಿ ಚೀಟಿ ಹಿಡಿದು ಊರಿಗೆ ಹೋಗುವ ರೈತ ಇನ್ನೂ ಕೈಸೇರದ ಹಣದ ಮೇಲೆ ಭರವಸೆ ಇಡುತ್ತಾನೆ. ಇಬ್ಬರ ನಡುವೆ ಇರುವುದು ಮಾತು ಒಂದೇ. ಆ ಮಾತು ಒಂದು ಸಲ ತಪ್ಪಿದರೆ ಮುಂದಿನ ವರ್ಷ ಆ ಮಂಡಿಯ ಮುಂದೆ ಟ್ರ್ಯಾಕ್ಟರು ನಿಲ್ಲುವುದಿಲ್ಲ.

ಇಂಥ ವ್ಯಾಪಾರದಲ್ಲಿ ಮೋಸಕ್ಕೆ ದಾರಿ ನೂರು. ಮೇಲೆ ದಪ್ಪ ಕಾಯಿ ಹೊಂದಿಸಿ ಕೆಳಗೆ ಸಣ್ಣದು ತುಂಬಬಹುದು. ತೂಕದಲ್ಲಿ ಕ್ವಿಂಟಲ್‌ಗೆ ಇಷ್ಟೆಂದು ಮುರಿದುಕೊಳ್ಳಬಹುದು. ಬಲಿಯದ ಕಾಯಿಗೆ ಕಾರ್ಬೈಡ್ ಹಾಕಿ ಬಣ್ಣ ಬರಿಸಬಹುದು. ಕಾನೂನು ಇದನ್ನು ನಿಷೇಧಿಸಿದೆ, ಆದರೂ ಮುಚ್ಚಿದ ಕೋಣೆಯೊಳಗೆ ಏನು ನಡೆಯುತ್ತದೆಂದು ಕೊಳ್ಳುವವನಿಗೆ ತಿಳಿಯದು. ಆದ್ದರಿಂದಲೇ ಹಣ್ಣಿನ ವ್ಯಾಪಾರಿಯ ದೈವಭಕ್ತಿಗೆ ನಿಜವಾದ ಪರೀಕ್ಷೆ ನಡೆಯುವುದು ತಕ್ಕಡಿಯ ಮುಂದೆ.

ಇಸ್ಲಾಂ ಈ ವಿಷಯದಲ್ಲಿ ಬಹಳ ನಿಷ್ಠುರ. ಪ್ರವಾದಿ ಮಹಮ್ಮದರೇ ವ್ಯಾಪಾರಿಯಾಗಿ ದುಡಿದವರು. ಕುರಾನಿನ 83ನೇ ಅಧ್ಯಾಯ ಶುರುವಾಗುವುದೇ ಅಳತೆ ತೂಕದಲ್ಲಿ ಕಡಿಮೆ ಕೊಡುವವರಿಗೆ ಎಚ್ಚರಿಕೆ ಹೇಳುವುದರಿಂದ. ನಿಗದಿಯಾದ ಮಿತಿ ಮೀರಿದ ಉಳಿತಾಯ ಒಂದು ವರ್ಷ ಕೈಯಲ್ಲಿದ್ದರೆ ಅದರಲ್ಲಿ ಶೇ 2.5ರಷ್ಟನ್ನು ಜಕಾತ್ ಆಗಿ ಬಡವರಿಗೆ ಕೊಡಬೇಕು. ಉಣ್ಣುವ ಅನ್ನ ಹಲಾಲ್ ಆಗಬೇಕಾದರೆ ಅದನ್ನು ಗಳಿಸಿದ ದುಡಿಮೆಯೂ ಹಲಾಲ್ ಆಗಿರಬೇಕು. ಕಾಯಕದ ಶುದ್ಧಿಯನ್ನು ಶರಣರಿಂದ ಕೇಳಿಕೊಂಡು ಬಂದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗಾಜಿಯಂಥ ಧರ್ಮಿಷ್ಠ ವ್ಯಾಪಾರಿಗೆ ಐದು ಹೊತ್ತಿನ ನಮಾಜು ಬೇರೆ, ಅಂಗಡಿ ಬೇರೆ ಆಗಿರಲಿಲ್ಲ. ಮಾನ, ಮಾತು, ದೇವರ ಭಯ ಮೂರೂ ಒಂದೇ ಹೆಣಿಗೆ.

ಈ ಕಣ್ಣಿನಿಂದ ನೋಡಿದಾಗ ಸಿನಿಮಾದ ಮೇಲಿನ ಅವರ ಕೋಪ ಅರ್ಥವಾಗುತ್ತದೆ. 1940ರ ಆಸುಪಾಸಿನಲ್ಲಿ ಸಿನಿಮಾ ಮರ್ಯಾದಸ್ಥರ ಕಸುಬೆನಿಸಿರಲಿಲ್ಲ. ಈ ಅಳುಕು ಮುಸ್ಲಿಮರ ಮನೆಗಳಿಗಷ್ಟೇ ಸೀಮಿತವಾಗಿರಲೂ ಇಲ್ಲ. ಭಾರತದ ಮೊದಲ ಕಥಾಚಿತ್ರ, 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ತಾರಾಮತಿಯ ಪಾತ್ರಕ್ಕೆ ಹೆಂಗಸರು ಸಿಗದೆ ದಾದಾಸಾಹೇಬ್ ಫಾಲ್ಕೆ ಒಬ್ಬ ಗಂಡಸಿಗೇ ಸೀರೆ ಉಡಿಸಬೇಕಾಯಿತು. ನಮ್ಮಲ್ಲೂ ನಾಟಕ ಕಂಪನಿಯವರ ಆಟಕ್ಕೆ ಊರೆಲ್ಲ ನೆರೆಯುತ್ತಿತ್ತು, ಅವರೊಡನೆ ಬೀಗತನ ಎಂದರೆ ಮಾತ್ರ ಹಿಂಜರಿಯುತ್ತಿತ್ತು. ರಾಜ್‌ಕುಮಾರ್ ಅವರಿಗೆ ಈ ಗೋಡೆ ಎದುರಾಗಲಿಲ್ಲ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೇ ರಂಗದ ಮೇಲಿನ ಹುಲಿ. ಮುಳಬಾಗಿಲು ತಾಲ್ಲೂಕಿನ ಮೂಲದ ನಟಿ ಸೌಂದರ್ಯ ಅವರ ತಂದೆಯೂ ಚಿತ್ರರಂಗದಲ್ಲಿ ಬರಹಗಾರರಾಗಿ, ನಿರ್ಮಾಪಕರಾಗಿ ದುಡಿದವರು. ಅಪ್ಪ ನಡೆದ ದಾರಿಯಲ್ಲಿ ಮಕ್ಕಳು ನಡೆಯುವುದು ಸುಲಭ. ಹಣ್ಣಿನ ವ್ಯಾಪಾರಿಯ ಮನೆಯಲ್ಲಿ ಅಂಥ ದಾರಿ ಇರಲಿಲ್ಲ.

ಪೇಶಾವರದಿಂದಲೂ ಆಗಾಜಿಗೆ ಸ್ನೇಹಿತರಾಗಿದ್ದ ಬಶೇಶ್ವರನಾಥ್ ಕಪೂರ್ ಪೊಲೀಸ್ ಅಧಿಕಾರಿಯಾಗಿದ್ದವರು. ಅವರ ಮಗ ಪೃಥ್ವಿರಾಜ್ ಕಪೂರ್ ಆಗಲೇ ನಟ. ‘ಇಂಥ ಮನೆತನದವರಾಗಿ ಮಗನನ್ನು ಕುಣಿಯಲು ಬಿಟ್ಟಿರಲ್ಲ’ ಎಂದು ಆಗಾಜಿ ಗೆಳೆಯನನ್ನು ಸಲುಗೆಯಿಂದಲೇ ಕೆಣಕುತ್ತಿದ್ದರು. ತಮ್ಮ ಯೂಸುಫ್ ಮಾತ್ರ ಓದಿ ದೊಡ್ಡ ಹುದ್ದೆ ಹಿಡಿಯಬೇಕು, ಬ್ರಿಟಿಷ್ ಸರ್ಕಾರ ಕೊಡುವ ಬಿರುದು ಅವನ ಹೆಸರಿನ ಮುಂದೆ ಬರಬೇಕು ಎಂಬುದು ಅವರ ಆಸೆ. ಇಂದು ಮಾವಿನ ತೋಟ ಮಾರಿಯಾದರೂ ಮಗನನ್ನು ಇಂಜಿನಿಯರ್ ಮಾಡುತ್ತೇನೆನ್ನುವ ಅಪ್ಪನ ಆಸೆಗೂ ಇದಕ್ಕೂ ವ್ಯತ್ಯಾಸವಿಲ್ಲ.

ಆಮೇಲೆ ಎರಡನೇ ಮಹಾಯುದ್ಧ ಬಂತು. ರೈಲು, ವ್ಯಾಗನ್ನುಗಳು ದಂಡಿನ ಪಾಲಾದವು. ಗಡಿನಾಡಿನಿಂದ ಬರುವ ಹಣ್ಣು ಕುಗ್ಗಿತು, ಆಗಾಜಿಯ ವ್ಯಾಪಾರಕ್ಕೆ ಪೆಟ್ಟು ಬಿತ್ತು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಬರದಂತೆ ತಡೆದಾಗ ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿದದ್ದನ್ನು ಕಂಡವರಿಗೆ, ಮಾರುಕಟ್ಟೆಯ ದಾರಿ ಮುಚ್ಚಿದರೆ ಮನೆಯೊಳಗೆ ಏನಾಗುತ್ತದೆ ಎಂಬುದು ಗೊತ್ತು. ಹನ್ನೆರಡು ಮಕ್ಕಳ ಸಂಸಾರದಲ್ಲಿ ಇಂಥ ಹೊತ್ತಿನಲ್ಲಿ ಅಪ್ಪ, ಮಗನ ನಡುವೆ ಮಾತಿಗೆ ಮಾತು ಬೆಳೆಯಿತು. ಯೂಸುಫ್ ಜೇಬಿನಲ್ಲಿದ್ದ 40 ರೂಪಾಯಿಯೊಡನೆ ಪುಣೆಯ ರೈಲು ಹತ್ತಿದ. ಅಲ್ಲಿ ಸೇನೆಯ ಕ್ಯಾಂಟೀನಿನಲ್ಲಿ ಕೆಲಸ ಹಿಡಿದ, ಸ್ಯಾಂಡ್‌ವಿಚ್ ಮಾಡಿ ಮಾರಿದ. ಬ್ರಿಟಿಷರ ವಿರುದ್ಧ ಮಾತಾಡಿದ್ದಕ್ಕೆ ಸತ್ಯಾಗ್ರಹಿಗಳ ಜೊತೆ ಒಂದು ರಾತ್ರಿ ಯರವಡಾ ಜೈಲಿನಲ್ಲಿ ಕಳೆದ. ಕೊನೆಗೆ ಉಳಿಸಿದ 5000 ರೂಪಾಯಿ ಹಿಡಿದು ಮುಂಬೈಗೆ ಮರಳಿದ. ಮುನಿಸಿಕೊಂಡು ಮನೆ ಬಿಟ್ಟ ಮಗ ಗಳಿಸಿದ ಹಣವನ್ನು ತಂದದ್ದು ಅಪ್ಪನ ಮನೆಗೇ.

ಸಿನಿಮಾ ಸಿಕ್ಕಿದ್ದೂ ಅದೇ ಹೊಣೆಯ ಹಾದಿಯಲ್ಲಿ. ಸೇನೆಗೆ ಮರದ ಮಂಚ ಪೂರೈಸುವ ಗುತ್ತಿಗೆಯ ವಿಚಾರಕ್ಕೆಂದು ಹೊರಟಿದ್ದ ಯೂಸುಫ್‌ಗೆ ಚರ್ಚ್‌ಗೇಟ್ ನಿಲ್ದಾಣದಲ್ಲಿ ಪರಿಚಯದ ಡಾ. ಮಸಾನಿ ಸಿಕ್ಕರು. ಅವರು ಬಾಂಬೆ ಟಾಕೀಸ್‌ಗೆ ಕರೆದೊಯ್ದರು. ಅಲ್ಲಿನ ಒಡತಿ ದೇವಿಕಾ ರಾಣಿ ತಿಂಗಳಿಗೆ 1250 ರೂಪಾಯಿ ಸಂಬಳದ ನಟನ ಕೆಲಸ ಕೊಟ್ಟರು. ಆ ಕಾಲಕ್ಕೆ ಅದು ಎಷ್ಟು ದೊಡ್ಡ ಮೊತ್ತವೆಂದರೆ, ಹೇಳಿದ್ದು ವರ್ಷದ ಲೆಕ್ಕವಿರಬೇಕೆಂದು ಹುಡುಗನಿಗೆ ಅನುಮಾನ ಬಂದಿತ್ತು. ದೇವಿಕಾ ರಾಣಿ ದಿಲೀಪ್ ಕುಮಾರ್ ಎಂಬ ಹೆಸರು ಸೂಚಿಸಿದಾಗ ಅವರು ಒಪ್ಪಿಕೊಂಡರು. ಅಪ್ಪನ ಏಟಿನ ಭಯವೂ ಅದಕ್ಕೆ ಕಾರಣವೆಂದು ಮುಂದೆ ತಾವೇ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. 1944ರಲ್ಲಿ ‘ಜ್ವಾರ್ ಭಾಟಾ’ ತೆರೆಗೆ ಬಂತು. ಮನೆಯಲ್ಲಿ ಆಗಾಜಿಗೆ ವಿಷಯ ತಿಳಿಯಲಿಲ್ಲ.

ತಿಳಿದದ್ದು 1947ರಲ್ಲಿ. ಬಶೇಶ್ವರನಾಥ್ ಒಂದು ದಿನ ಕ್ರಾಫರ್ಡ್ ಮಾರ್ಕೆಟ್ಟಿನ ಅಂಗಡಿಗೆ ಬಂದು, ಒಂದು ವಸ್ತು ತೋರಿಸಬೇಕು ಬನ್ನಿ ಎಂದು ಗೆಳೆಯನನ್ನು ಹೊರಗೆ ಕರೆದರು. ರಸ್ತೆಯ ಆಚೆ ‘ಜುಗ್ನು’ ಚಿತ್ರದ ದೊಡ್ಡ ಫಲಕ ನಿಂತಿತ್ತು. ಅದರ ಮೇಲೆ ಯೂಸುಫ್‌ನ ಮುಖ, ಪಕ್ಕದಲ್ಲಿ ಬೇರೆ ಹೆಸರು. ಇಷ್ಟು ವರ್ಷ ತಾವು ಕೆಣಕಿದ್ದ ಗೆಳೆಯನ ಎದುರೇ ಆಗಾಜಿ ಆ ಮುಖವನ್ನು ನೋಡಬೇಕಾಯಿತು. ಬಶೇಶ್ವರನಾಥ್ ಆಗ ಗೆದ್ದವರಂತೆ ನಗಲಿಲ್ಲ. ಹುಡುಗ ಹೆಸರು ಬದಲಿಸಿಕೊಂಡಿದ್ದಾನೆ, ಮನೆತನದ ಹೆಸರಿಗೆ ಏನೂ ಆಗಿಲ್ಲ ಎಂದು ಸಮಾಧಾನ ಹೇಳಿದರು. ಆದರೂ ಆಗಾಜಿ ಮಗನೊಡನೆ ಮಾತು ಬಿಟ್ಟರು. ಆ ಮೌನ ಮುರಿಯಲು ಪೃಥ್ವಿರಾಜ್ ಕಪೂರರೇ ಮನೆಗೆ ಬಂದು ತಿಳಿಹೇಳಬೇಕಾಯಿತು. ದೇಶ ಧರ್ಮದ ಹೆಸರಲ್ಲಿ ಎರಡಾದ ವರ್ಷದಲ್ಲಿ, ಒಂದು ಮುಸ್ಲಿಂ ಮನೆಯ ಅಪ್ಪ ಮಕ್ಕಳನ್ನು ಒಂದು ಹಿಂದೂ ಮನೆಯ ಅಪ್ಪ ಮಕ್ಕಳು ಕೂಡಿಸಿದರು. ಆಗಾಜಿಯ ಧರ್ಮನಿಷ್ಠೆ ಎಂಥದೆಂದು ತಿಳಿಯಲು ಈ ಗೆಳೆತನಕ್ಕಿಂತ ದೊಡ್ಡ ಸಾಕ್ಷಿ ಬೇಡ. ತನ್ನ ದೇವರಲ್ಲಿ ಗಟ್ಟಿಯಾಗಿ ನಿಂತವನಿಗೆ ಪಕ್ಕದವನ ದೇವರು ಅಡ್ಡಿಯಾಗಲಿಲ್ಲ.

ಇನ್ನು ಮಗನ ಕೆಲಸವನ್ನು ನೋಡೋಣ. 1944ರಿಂದ 1998ರ ‘ಕಿಲಾ’ದವರೆಗೆ ಐದು ದಶಕಕ್ಕೂ ಹೆಚ್ಚು ಕಾಲ ದುಡಿದರೂ ದಿಲೀಪ್ ಕುಮಾರ್ ಮಾಡಿದ್ದು ಅರವತ್ತರ ಆಸುಪಾಸಿನ ಚಿತ್ರಗಳು. ಕೇಳಿದವರಿಗೆಲ್ಲ ಹೂಂ ಎನ್ನದೆ, ಒಪ್ಪಿದ್ದಕ್ಕೆ ಪೂರ್ತಿ ದುಡಿಯುವುದು ಅವರ ರೀತಿ. 1960ರ ‘ಕೋಹಿನೂರ್’ ಚಿತ್ರದ ಒಂದು ಹಾಡಿನಲ್ಲಿ ಸಿತಾರ್ ನುಡಿಸುವ ದೃಶ್ಯವಿತ್ತು. ಬೇರೆ ಯಾರದಾದರೂ ಕೈ ತೋರಿಸಿ ಮುಗಿಸಬಹುದಿತ್ತು. ಅವರು ಉಸ್ತಾದ್ ಅಬ್ದುಲ್ ಹಲೀಂ ಜಾಫರ್ ಖಾನ್ ಅವರ ಬಳಿ ಕೂತು ಸಿತಾರ್ ಕಲಿತು ನುಡಿಸಿದರು. ಕೆಳಗೆ ಸಣ್ಣ ಕಾಯಿ ತುಂಬಿ ಮೇಲೆ ದಪ್ಪದ್ದು ಜೋಡಿಸದ ವ್ಯಾಪಾರಿಯ ನಿಯತ್ತು ಇದೇ ತಾನೇ? ನೋಡುವವನಿಗೆ ಗೊತ್ತಾಗಲಿ ಬಿಡಲಿ, ಅಳತೆ ಕಡಿಮೆಯಾಗಬಾರದು.

ತೆರೆಯ ಮೇಲೂ ಅಪ್ಪ ಮಗನ ಸಂಘರ್ಷ ಅವರನ್ನು ಬಿಡಲಿಲ್ಲ. 1960ರ ‘ಮುಘಲ್-ಎ-ಆಜಂ’ನಲ್ಲಿ ತಂದೆ ಅಕ್ಬರನ ಮಾತು ಮೀರುವ ಸಲೀಮನ ಪಾತ್ರ ಅವರದು. ಅಕ್ಬರನಾಗಿ ಎದುರು ನಿಂತವರು, ಹಿಂದೆ ಆಗಾಜಿಯ ಕೋಪ ಇಳಿಸಿದ್ದ ಅದೇ ಪೃಥ್ವಿರಾಜ್ ಕಪೂರ್. 1982ರ ‘ಶಕ್ತಿ’ಯಲ್ಲಿ ಪಾತ್ರ ತಿರುಗಿತು. ಅಮಿತಾಭ್ ಬಚ್ಚನ್ ಮಗ, ದಿಲೀಪ್ ಕುಮಾರ್ ಕರ್ತವ್ಯಕ್ಕಾಗಿ ಮಗನನ್ನೂ ಬಿಡದ ಪೊಲೀಸ್ ಅಧಿಕಾರಿ ಅಪ್ಪ. ಆ ಪಾತ್ರಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಮಗನ ಮೇಲೆ ಕಡುಪ್ರೀತಿ ಇಟ್ಟೂ ಅದನ್ನು ಬಾಯಿಬಿಟ್ಟು ಹೇಳಲಾರದ ಅಪ್ಪನನ್ನು ಅವರು ಪುಸ್ತಕ ಓದಿ ತಿಳಿಯಬೇಕಿರಲಿಲ್ಲ.

ತಾಯಿ ಆಯೇಷಾ ಬೇಗಂ 1948ರಲ್ಲಿ ತೀರಿಕೊಂಡರು, ಆಗಾಜಿ 1950ರಲ್ಲಿ. ಇಬ್ಬರ ಸಮಾಧಿಯೂ ದೇವಲಾಲಿಯಲ್ಲಿದೆ. ತಮ್ಮ ತಂಗಿಯರ ಹೊಣೆ ಯೂಸುಫ್ ಹೊತ್ತರು. ಅಪ್ಪ ಬಯಸಿದ್ದ ಬ್ರಿಟಿಷ್ ಬಿರುದು ಬರಲಿಲ್ಲ. ಬದಲಿಗೆ 1991ರಲ್ಲಿ ಪದ್ಮಭೂಷಣ, ಮುಂದೆ ಫಾಲ್ಕೆ ಪ್ರಶಸ್ತಿ, 1998ರಲ್ಲಿ ಪಾಕಿಸ್ತಾನದ ನಿಶಾನ್-ಎ-ಇಮ್ತಿಯಾಜ್, 2015ರಲ್ಲಿ ಪದ್ಮವಿಭೂಷಣ ಬಂದವು. ಪೇಶಾವರದ ಹಳೇ ಮನೆಯನ್ನು ಪಾಕಿಸ್ತಾನ ಸರ್ಕಾರ 2014ರಲ್ಲಿ ರಾಷ್ಟ್ರೀಯ ಪರಂಪರೆ ಎಂದು ಸಾರಿತು. 2021ರ ಜುಲೈ 7ರಂದು ದಿಲೀಪ್ ಕುಮಾರ್ ಮುಂಬೈಯಲ್ಲಿ ಕೊನೆಯುಸಿರೆಳೆದರು.

ಅದೇ ಪೇಶಾವರದಿಂದ ಬಂದ ಇನ್ನೊಬ್ಬ ಪಠಾಣ ತಂದೆಯ ಕಥೆಗೆ ಕರ್ನಾಟಕದ ನಂಟೂ ಇದೆ. ಶಾರುಖ್ ಖಾನ್ ಅವರ ತಂದೆ ಮೀರ್ ತಾಜ್ ಮೊಹಮ್ಮದ್ ಖಾನ್ ಸ್ವಾತಂತ್ರ್ಯ ಹೋರಾಟಗಾರರು, ಗಫಾರ್ ಖಾನರ ಅನುಯಾಯಿ. ತಾಯಿಯ ತಂದೆ ಮಂಗಳೂರು ಬಂದರಿನಲ್ಲಿ ಇಂಜಿನಿಯರ್ ಆಗಿದ್ದುದರಿಂದ ಶಾರುಖ್ ಅವರ ಎಳವೆ ಮಂಗಳೂರಿನಲ್ಲಿ ಕಳೆಯಿತು. ಮಗ ಹದಿಹರೆಯದಲ್ಲಿರುವಾಗಲೇ ತಂದೆ ತೀರಿಕೊಂಡರು. ದೊಡ್ಡ ಆಸ್ತಿ ಬಿಟ್ಟುಹೋಗದ ಆ ತಂದೆಯ ಮಾತನ್ನು ಮಗ ಇಂದಿಗೂ ವೇದಿಕೆಗಳಲ್ಲಿ ನೆನೆಯುತ್ತಾರೆ. ಅಪ್ಪನಿಂದ ಬರುವ ನಿಜವಾದ ಬಳುವಳಿ ಯಾವುದೆಂಬುದಕ್ಕೆ ಇದೂ ಉದಾಹರಣೆ.

ಹಾಗೆಂದು ಆಗಾಜಿ ಮಾಡಿದ್ದೆಲ್ಲ ಸರಿ ಎನ್ನಲಾಗದು. ಇಪ್ಪತ್ತು ದಾಟಿದ ಮಗ ತನ್ನ ದುಡಿಮೆಯನ್ನೇ ಬಚ್ಚಿಡುವಷ್ಟು ಭಯ ಮನೆಯಲ್ಲಿ ಇರಬಾರದಿತ್ತು. ಮಾನದ ಹೆಸರಿನಲ್ಲಿ ಮಾತು ಬಿಡುವುದು ಪ್ರೀತಿ ತೋರುವ ರೀತಿಯಲ್ಲ. ಭಯದಿಂದ ಮಕ್ಕಳು ಸುಳ್ಳು ಕಲಿಯುತ್ತಾರೆ, ಮೌಲ್ಯ ಕಲಿಯುವುದಿಲ್ಲ. ಯೂಸುಫ್ ಕಲಿತದ್ದು ಅಪ್ಪನ ಏಟಿನಿಂದಲ್ಲ, ಅಪ್ಪ ಅಂಗಡಿಯಲ್ಲಿ, ಗೆಳೆಯರೊಡನೆ, ಕಷ್ಟದ ದಿನಗಳಲ್ಲಿ ನಡೆದುಕೊಂಡ ರೀತಿಯನ್ನು ಕಣ್ಣಾರೆ ಕಂಡದ್ದರಿಂದ. ಈ ವ್ಯತ್ಯಾಸ ನಮಗೆ ಸ್ಪಷ್ಟವಿರಬೇಕು.

ಪಾಪನಪಲ್ಲಿ ಎಂದಿದ್ದ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರಿಟ್ಟರೆಂದು ಶ್ರೀನಿವಾಸಪುರದ ಇತಿಹಾಸ ಹೇಳುತ್ತದೆ. ಮಗನ ಹೆಸರು ಉಳಿಯಲಿ ಎಂಬ ಆಸೆ ದಿವಾನರಿಗೂ ಇತ್ತು, ಹಣ್ಣಿನ ವ್ಯಾಪಾರಿಗೂ ಇತ್ತು, ಮಂಡಿಯಲ್ಲಿ ಮೂಟೆ ಹೊರುವವನಿಗೂ ಇದೆ. ಇಂದು ಈ ತಾಲ್ಲೂಕಿನ ಮಕ್ಕಳು ಕಂಪ್ಯೂಟರ್ ಕಂಪನಿಗೆ, ಆಸ್ಪತ್ರೆಗೆ, ಸಂಗೀತಕ್ಕೆ, ಸಿನಿಮಾಕ್ಕೆ ಹೋಗುತ್ತಿದ್ದಾರೆ. ಅಪ್ಪಂದಿರು ಕೇಳದ ಹೆಸರಿನ ಕಸುಬುಗಳೂ ಬಂದಿವೆ. ಯಾವ ಕಸುಬು ಎಂದು ಜಗಳವಾಡುವುದರಲ್ಲಿ ಮನೆಯ ನೆಮ್ಮದಿ ಕೆಡಿಸಿಕೊಳ್ಳಬಾರದು. ಅಪ್ಪ ಅಮ್ಮ ಕೇಳಬೇಕಾದ ಪ್ರಶ್ನೆ ಬೇರೆ: ಅಲ್ಲಿ ನೀನು ಕೊಟ್ಟ ಮಾತು ಉಳಿಸಿಕೊಳ್ಳುತ್ತೀಯಾ, ಅಳತೆ ಪೂರ್ತಿ ಕೊಡುತ್ತೀಯಾ, ನಿನ್ನನ್ನು ನಂಬಿದವರನ್ನು ನೋಡಿಕೊಳ್ಳುತ್ತೀಯಾ? ಈ ಮೂರಕ್ಕೂ ಹೌದೆನ್ನುವ ಮಗನನ್ನೋ ಮಗಳನ್ನೋ ಹರಸಿ ಕಳಿಸಬಹುದು. ಮಕ್ಕಳೂ ಒಂದು ಮಾತು ನೆನಪಿಡಬೇಕು. ಅಪ್ಪನ ಅಭಿಪ್ರಾಯವನ್ನು ಒಪ್ಪದಿರಲು ನಿಮಗೆ ಹಕ್ಕಿದೆ, ಆದರೆ ಅದರ ಜೊತೆಗೆ ಅವರ ನಿಯತ್ತನ್ನೂ ಎಸೆದು ಹೋದರೆ ಕಳೆದುಕೊಳ್ಳುವವರು ನೀವೇ.